ನನ್ನ ಪರಿಚಯವೇ ಇಲ್ಲದವರ ಮೇಲೆ ಮುನಿಸು ಬಂದಿದೆ, ಏನು ಮಾಡೋದು?

ಮುರಿದಮುಳ್ಳು

ವಿಷಯ ಕೇಳಿದರೆ ನಿಮಗೆ ನಗು ಬರುತ್ತೆ. ನಕ್ಕುಬಿಡಿ, ಆಮೇಲೆ ಉತ್ತರ ಕೊಡಿ.

ಹಳೇ ಗಡಿಯಾರ ರಿಪೇರಿ ಮಾಡುವವರೊಬ್ಬರ ವಿಡಿಯೊ ನೋಡುತ್ತೇನೆ. ಬಹಳ ಕಾಲದಿಂದ. ಕೈಗಡಿಯಾರ, ಗೋಡೆ ಗಡಿಯಾರ, ಅಲಾರಂ ಗಡಿಯಾರ, ಯಾವುದಾದರೂ ಸರಿ. ಬಿಚ್ಚುತ್ತಾರೆ, ತೊಳೆಯುತ್ತಾರೆ, ಒಂದೊಂದು ಹನಿ ಎಣ್ಣೆ ಬಿಡುತ್ತಾರೆ, ಮತ್ತೆ ಜೋಡಿಸುತ್ತಾರೆ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತನ್ನ ಪಾಡಿಗೆ ಮಾತಾಡುತ್ತಿರುತ್ತದೆ. ರಾತ್ರಿ ನಿದ್ದೆ ಬರಲಿಲ್ಲ ಅಂತ, ಅಪ್ಪನ ಜೊತೆ ಮಾತು ಬಿಟ್ಟು ಎಷ್ಟೋ ಕಾಲ ಆಯ್ತು ಅಂತ, ಬಾಡಿಗೆ ಮನೆ ಖಾಲಿ ಮಾಡಬೇಕು ಅಂತ. ಹೆಸರು ಇಲ್ಲಿ ಹೇಳುವುದಿಲ್ಲ. ಮನಸ್ಸಿನಲ್ಲಿ ನಾನು ಅವರನ್ನು ಗಡಿಯಾರದಣ್ಣ ಅನ್ನುತ್ತೇನೆ, ಇಲ್ಲೂ ಹಾಗೇ ಬರೆಯುತ್ತೇನೆ.

ಶುರುವಾದದ್ದು ನನ್ನ ಕಾಲು ಮುರಿದು ಮಲಗಿದ್ದಾಗ. ನೋವಿಗೆ ನಿದ್ದೆ ಹತ್ತುತ್ತಿರಲಿಲ್ಲ. ಏನೇನೋ ಹುಡುಕುತ್ತಿದ್ದಾಗ ಅವರ ವಿಡಿಯೊ ಸಿಕ್ಕಿತು. ಅವರ ಮಾತಿನಲ್ಲಿ ಒಂದು ವಿಶೇಷ ಇದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದ ತುದಿಯಲ್ಲಿ ಹಿಡಿದ ತಿರುಪನ್ನು ತೂತಿಗೆ ಕೂರಿಸುವಾಗ ಉಸಿರು ಬಿಗಿ ಹಿಡಿಯುತ್ತಾರೆ. ಮಾತು ಅರ್ಧಕ್ಕೆ ನಿಲ್ಲುತ್ತದೆ. ತಿರುಪು ಕೂತಮೇಲೆ ಒಂದು ಸಣ್ಣ 'ಹ್ಞಾಂ' ಅಂದು, ಬಿಟ್ಟ ಜಾಗದಿಂದಲೇ ಮಾತು ಮುಂದುವರಿಸುತ್ತಾರೆ. ಅಷ್ಟು ಹೊತ್ತು ನಾನೂ ಉಸಿರು ಹಿಡಿದಿರುತ್ತೇನೆ. ಕಾಲು ಸರಿಹೋಯಿತು, ಕೆಲಸಕ್ಕೆ ಹೋಗೋಕೆ ಶುರು ಮಾಡಿದೆ. ವಿಡಿಯೊ ನೋಡೋದು ಮಾತ್ರ ಬಿಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಅವರು 'ಒಂದು ಮಾತು ಹೇಳಬೇಕಿತ್ತು' ಅಂತ ವಿಡಿಯೊ ಹಾಕಿದರು. ಅವರಿಗೆ ಮದುವೆಯಾಗಿದೆ. ಈಗ ಅಲ್ಲ, ಆಗಿ ಎಷ್ಟೋ ತಿಂಗಳಾಗಿದೆ. ಮನೆಯೂ ಬದಲಾಗಿದೆ. ಅದೇ ಮೇಜು, ಅದೇ ದೀಪ ಹೊಸ ಮನೆಗೆ ಒಯ್ದು, ಹಿಂದೆ ಅದೇ ಬಣ್ಣದ ಪರದೆ ಕಟ್ಟಿ ವಿಡಿಯೊ ಮಾಡುತ್ತಿದ್ದರಂತೆ. ಕೆಲವು ವಿಡಿಯೊಗಳಂತೂ ಮದುವೆಗೆ ಮುಂಚೆಯೇ ಮಾಡಿಟ್ಟುಕೊಂಡು ಒಂದೊಂದಾಗಿ ಬಿಟ್ಟದ್ದು. ನಾವು 'ಅಣ್ಣಾ ಇವತ್ತು ಸುಸ್ತಾದ ಹಾಗೆ ಕಾಣ್ತೀರ' ಅಂತ ಬರೆಯುತ್ತಿದ್ದ ದಿನ ಅವರು ಎಲ್ಲಿದ್ದರೋ.

ಕಾಮೆಂಟಿನಲ್ಲಿ ಜಾಸ್ತಿ ಜನ ಶುಭಾಶಯ ಹೇಳಿದ್ದಾರೆ. ಒಂದಷ್ಟು ಜನ ಮಾತ್ರ 'ನಮಗೆ ಮೊದಲೇ ಹೇಳಬಾರದಿತ್ತಾ', 'ಫ್ಯಾಮಿಲಿ ಅಂತೀರ, ಹೊರಗಿನವರ ಹಾಗೆ ಕಂಡಿರಿ' ಅಂತ ಬರೆದಿದ್ದಾರೆ. ನಾನು ಏನೂ ಬರೆಯಲಿಲ್ಲ. ಆದರೆ ಓದುತ್ತಾ ಆ ಎರಡನೇ ಗುಂಪಿಗೇ ತಲೆ ಆಡಿಸುತ್ತಿದ್ದೆ. ಅವತ್ತು ರಾತ್ರಿ ಹಳೇ ವಿಡಿಯೊಗಳನ್ನು ಮತ್ತೆ ಹಾಕಿಕೊಂಡು ಅವರ ಬೆರಳು ನೋಡುತ್ತಾ ಕೂತೆ, ಉಂಗುರ ಇತ್ತಾ ಅಂತ. ಗಡಿಯಾರ ಬಿಚ್ಚುವಾಗ ಉಂಗುರ ತೆಗೆದಿಟ್ಟೇ ಕೂರಬೇಕು. ಅದೂ ಅವರೇ ಹೇಳಿಕೊಟ್ಟದ್ದು.

ಅವತ್ತಿನಿಂದ ಮುನಿಸು. ಹೊಸ ವಿಡಿಯೊ ಬಂದಿದೆ ಅಂತ ನೋಟಿಫಿಕೇಶನ್ ಬರುತ್ತೆ. ಬೇಕೂಂತಲೇ ತೆಗೆಯುವುದಿಲ್ಲ. ನಾನು ನೋಡದಿದ್ದರೆ ಅವರಿಗೆ ಗೊತ್ತಾಗಿ, ಯಾಕಪ್ಪಾ ಬರಲಿಲ್ಲ ಅಂತ ಕೇಳುತ್ತಾರೆ ಅನ್ನೋ ಹಾಗೆ.

ಅಕ್ಕನಿಗೆ ಹೇಳಿದೆ. 'ಅವನಿಗೆ ನಿನ್ನ ಹೆಸರು ಗೊತ್ತಾ?' ಅಂದಳು. ಒಂದು ಸಲ ನನ್ನ ಕಾಮೆಂಟಿಗೆ ಹಾರ್ಟ್ ಒತ್ತಿದ್ದರು, ಸ್ಕ್ರೀನ್‌ಶಾಟ್ ಇದೆ ಅಂದೆ. ಅದನ್ನು ಹೇಳಬಾರದಿತ್ತು. ಇನ್ನೂ ನಗುತ್ತಿದ್ದಾಳೆ.

ನಾನೇನೂ ಒಂಟಿ ಅಲ್ಲ. ಅಕ್ಕ ಇದ್ದಾಳೆ, ಕೆಲಸದ ಕಡೆ ಮಾತಾಡುವವರಿದ್ದಾರೆ. ನನಗೆ ಮದುವೆ ಆಗಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನಾನು ಅಂದುಕೊಂಡಿದ್ದೇನೆ, ಇದೆ ಅಂತ ಅಕ್ಕ ಅಂತಾಳೆ. ಫೋನಿನಲ್ಲಿ ದಿನಕ್ಕೆ ಮೂರು ಗಂಟೆ ಹತ್ತಿರ ಹೋಗುತ್ತೆ, ಅದರಲ್ಲಿ ಜಾಸ್ತಿ ಪಾಲು ಈ ಒಂದು ಆ್ಯಪ್‌ಗೇ. ಇದು ಮಾಮೂಲಿಯಾ, ಇಲ್ಲಾ ನನಗೇನಾದರೂ ಆಗಿದೆಯಾ? ಅವರನ್ನು ನೋಡೋದು ಬಿಡಬೇಕಾ? ಬಿಟ್ಟರೆ ಆ ಹೊತ್ತನ್ನು ಏನು ಮಾಡಲಿ ಅನ್ನೋದೂ ಗೊತ್ತಿಲ್ಲ.

ನೇರಮಾತು

ಆ್ಯಪ್ ಡಿಲೀಟ್ ಮಾಡಿ. ಮುಗೀತು. ಅವನು ನಿಮ್ಮ ವ್ಯೂಸ್‌ನಿಂದ ದುಡ್ಡು ಮಾಡ್ಕೊಂಡು, ಮದುವೆ ಮಾಡ್ಕೊಂಡು ಆರಾಮಾಗಿದ್ದಾನೆ. ನೀವು ಇಲ್ಲಿ ಕೂತು ಕೊರಗ್ತಿದ್ದೀರ.

ಮುರಿದಮುಳ್ಳು

ಡಿಲೀಟ್ ಮಾಡಿದ್ದೆ. ಬ್ರೌಸರ್‌ನಲ್ಲಿ ನೋಡಿದೆ.

ಹಳೇರೇಡಿಯೊ

ನೋಡಿಪ್ಪಾ, ಮೊದಲು ನಿಮಗೊಂದು ಧೈರ್ಯ ಹೇಳುತ್ತೇನೆ. ನಾನು ಸಮೂಹ ಮಾಧ್ಯಮ ಪಾಠ ಮಾಡಿ ನಿವೃತ್ತನಾದವನು. ನಿಮಗೆ ಆಗಿರುವುದಕ್ಕೆ 1956ರಲ್ಲೇ ಹೆಸರಿಟ್ಟಾಗಿದೆ. ಆಗ ಯೂಟ್ಯೂಬ್ ಎಲ್ಲಿ, ಟಿವಿಯೇ ಹೊಸದು. ಡೊನಾಲ್ಡ್ ಹೋರ್ಟನ್, ರಿಚರ್ಡ್ ವೋಲ್ ಅಂತ ಇಬ್ಬರು 'ಸೈಕಿಯಾಟ್ರಿ' ಅನ್ನುವ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಪರದೆಯ ಮೇಲಿರುವವರು ನೇರ ನಮ್ಮ ಮುಖ ನೋಡಿ ಮಾತಾಡುತ್ತಾರೆ, ನಾವು ಉತ್ತರ ಕೊಡುತ್ತೇವೆ ಅನ್ನುವ ಹಾಗೆ ನಡುವೆ ಜಾಗ ಬಿಡುತ್ತಾರೆ, ನೋಡುವವರಿಗೆ ಇವರು ನಮ್ಮವರೇ ಅನಿಸಿಬಿಡುತ್ತದೆ ಅಂತ. ಅದಕ್ಕೆ ಅವರು ಇಟ್ಟ ಹೆಸರು ಪ್ಯಾರಾಸೋಷಿಯಲ್. 2025ರಲ್ಲಿ ಕೇಂಬ್ರಿಜ್ ನಿಘಂಟಿನವರು ಅದನ್ನೇ ವರ್ಷದ ಪದ ಅಂತ ಆರಿಸಿದರು. ಇಷ್ಟು ವರ್ಷ ನಾವು ಹತ್ತು ಹದಿನೈದು ಮೇಷ್ಟ್ರುಗಳು ಮಾತ್ರ ಆಡುತ್ತಿದ್ದ ಮಾತು, ಈಗ ಎಲ್ಲರ ಬಾಯಲ್ಲಿ.

ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು ಅಮೆರಿಕದ ರೇಡಿಯೊ ಕಾರ್ಯಕ್ರಮ. 'ಲೋನ್ಸಮ್ ಗ್ಯಾಲ್' ಅಂತ. ಒಬ್ಬಳು ಹೆಂಗಸು, ಹೆಸರು ಹೇಳುವುದಿಲ್ಲ. ಮೆಲುದನಿಯಲ್ಲಿ, ಕೇಳುವ ಗಂಡಸು ಅವಳ ಪಕ್ಕದಲ್ಲೇ ಕೂತಿದ್ದಾನೆ ಅನ್ನುವ ಹಾಗೆ ಮುದ್ದು ಮಾಡಿ ಮಾತಾಡುತ್ತಾಳೆ. ಅವಳಿಗೆ ರಾಶಿ ರಾಶಿ ಕಾಗದ ಬರುತ್ತಿತ್ತು. ಆ ಕಾಗದ ಬರೆದವರೆಲ್ಲ ಹುಚ್ಚರಲ್ಲ. ಹೋರ್ಟನ್, ವೋಲ್ ಕೂಡ ಹಾಗೆ ಅನ್ನಲಿಲ್ಲ. ಇದು ಎಲ್ಲರಲ್ಲೂ ಇರುವಂಥದ್ದೇ, ನಿಜವಾದ ಒಡನಾಟದ ಜಾಗವನ್ನು ಪೂರ್ತಿ ಇದೇ ಆಕ್ರಮಿಸಿಕೊಂಡು, ಕಣ್ಣೆದುರಿನ ವಾಸ್ತವಕ್ಕೂ ಬೆನ್ನು ತಿರುಗಿಸಿದಾಗ ಮಾತ್ರ ಕಾಯಿಲೆ ಅನ್ನಬೇಕು ಅಂದರು. ನೀವು ಅಕ್ಕನ ಜೊತೆ ಕೂತು ಇದನ್ನು ಹೇಳಿಕೊಂಡಿದ್ದೀರಿ, ಅವಳು ನಕ್ಕದ್ದನ್ನೂ ನಮಗೆ ಹೇಳುತ್ತಿದ್ದೀರಿ. ಹಾಗಾಗಿ ಸದ್ಯಕ್ಕೆ ಚಿಂತೆ ಬೇಡ.

ಇನ್ನೊಂದು ಲೆಕ್ಕ ಕೊಡುತ್ತೇನೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ನೇಹ ಬೆಳೆಯಲು ಎಷ್ಟು ಗಂಟೆ ಬೇಕು ಅಂತ. ಬರೀ ಪರಿಚಯ ಇದ್ದದ್ದು ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಸ್ನೇಹಿತ ಅನ್ನಿಸಿಕೊಳ್ಳಲು ಸುಮಾರು 90, ಆಪ್ತನಾಗಲು 200ಕ್ಕೂ ಜಾಸ್ತಿ. ಅವರು ಲೆಕ್ಕ ಹಾಕಿದ್ದು ಇಬ್ಬರೂ ಒಟ್ಟಿಗೆ ಕಳೆದ ಹೊತ್ತನ್ನು. ನಿಮ್ಮ ಗಡಿಯಾರದಣ್ಣನ ವಿಡಿಯೊ ಅರ್ಧರ್ಧ ಗಂಟೆಯದು, ವಾರಕ್ಕೆ ನಾಲ್ಕು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ನೂರು ಗಂಟೆ ದಾಟಿತು. ಎರಡು ವರ್ಷಕ್ಕೆ ಆಪ್ತ ಸ್ನೇಹಿತನ ಲೆಕ್ಕ ಪೂರ್ತಿ ಆಯ್ತು. ನಿಮ್ಮ ಕಡೆಯಿಂದ ಮಾತ್ರ. ನನಗನಿಸುವುದು ಇಷ್ಟು: ಆ ಗಂಟೆಗಳಲ್ಲಿ ಆ ಕಡೆಯವನೂ ನಿಮ್ಮನ್ನು ನೋಡುತ್ತಿದ್ದನಾ ಅಂತ ಮನಸ್ಸು ಕೇಳುವುದಿಲ್ಲ. ದನಿ ಕೇಳಿತು, ಮುಖ ಕಂಡಿತು, ಕಷ್ಟ ಸುಖ ಗೊತ್ತಾಯಿತು. ಖಾತೆಗೆ ಜಮಾ.

ಈ ತರದ ನಂಟು ಕಡಿದಾಗ ಆಗುವ ನೋವಿನ ಬಗ್ಗೆಯೂ ಕೆಲಸ ಆಗಿದೆ. ಜೊನಾಥನ್ ಕೋಹೆನ್ ಅನ್ನುವವರು 2004ರಲ್ಲಿ, ಮೆಚ್ಚಿನ ಟಿವಿ ಪಾತ್ರ ಇದ್ದಕ್ಕಿದ್ದಂತೆ ನಿಂತುಹೋದರೆ ನಿಮಗೆ ಹೇಗನಿಸುತ್ತೆ ಅಂತ ನೋಡುಗರನ್ನು ಕೇಳಿದ್ದರು. ಹತ್ತಿರದವರು ಬಿಟ್ಟುಹೋದಾರು ಅನ್ನುವ ಅಂಜಿಕೆ ಯಾರಿಗೆ ಜಾಸ್ತಿಯೋ, ಅವರೇ ಇಲ್ಲೂ ಜಾಸ್ತಿ ನೋವಾಗುತ್ತೆ ಅಂದರು. ನಿಮ್ಮ ಅಕ್ಕ ಹೇಳಿದ್ದರಲ್ಲಿ ಸ್ವಲ್ಪ ಹುರುಳಿರಬಹುದು. ಬೇಜಾರು ಮಾಡಿಕೊಳ್ಳಬೇಡಿ.

ಸೂಜಿದಾರ

ನಾನು ಕ್ಯಾಮೆರಾದ ಆ ಕಡೆ ಇರುವವಳು. ಕಸೂತಿ ಚಾನೆಲ್. ದೊಡ್ಡದೇನಲ್ಲ, ಆದರೆ 'ಅಕ್ಕಾ ನಿಮ್ಮ ವಿಡಿಯೊ ನೋಡದೆ ನಿದ್ದೆ ಬರಲ್ಲ' ಅಂತ ಬರೆಯುವಷ್ಟು ಜನ ಇದ್ದಾರೆ. ಅವರ ಮೇಲೆ ನನಗೆ ಪ್ರೀತಿ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದು ಸ್ವಲ್ಪ ಕಟುವಾಗಿ ಕಾಣಬಹುದು.

ಮಾತಾಡುವಾಗ ನಾನು ನಿಮ್ಮನ್ನು ನೋಡುತ್ತಿರುವುದಿಲ್ಲ. ಲೆನ್ಸಿನ ಪಕ್ಕ ಒಂದು ಹಳದಿ ಚುಕ್ಕೆ ಅಂಟಿಸಿಕೊಂಡಿದ್ದೇನೆ, ಅದನ್ನು ನೋಡುತ್ತೇನೆ. ಇಲ್ಲದಿದ್ದರೆ ಕಣ್ಣು ಸ್ಕ್ರೀನಿನಲ್ಲಿ ಕಾಣುವ ನನ್ನ ಮುಖಕ್ಕೇ ಹೋಗುತ್ತೆ, ನೋಡುವವರಿಗೆ ತಕ್ಷಣ ಗೊತ್ತಾಗುತ್ತೆ. ಮೊದಮೊದಲು 'ಎಲ್ಲರಿಗೂ ನಮಸ್ಕಾರ' ಅಂತ ಶುರು ಮಾಡುತ್ತಿದ್ದೆ. ಜನ ಎಲ್ಲಿ ಎದ್ದು ಹೋಗುತ್ತಾರೆ ಅಂತ ತೋರಿಸುವ ಗ್ರಾಫ್ ಒಂದು ನಮಗೆ ಸಿಗುತ್ತೆ. 'ಎಲ್ಲರಿಗೂ' ಅಂದಾಗ ಗೆರೆ ಕೆಳಗೆ ಬೀಳುತ್ತಿತ್ತು. 'ಬಂದ್ರಾ? ಕೂತ್ಕೊಳ್ಳಿ' ಅಂತ ಬದಲಾಯಿಸಿದೆ. ಗೆರೆ ನಿಂತಿತು. ಅವತ್ತಿನಿಂದ ನಾನು ಒಬ್ಬರಿಗೇ ಮಾತಾಡುತ್ತೇನೆ. ಆ ಒಬ್ಬರು ಯಾರೂ ಅಲ್ಲ.

ಬಾಯಿ ತನ್ನ ಪಾಡಿಗೆ ಮಾತಾಡುತ್ತಿರುತ್ತದೆ ಅಂದಿರಿ. ತನ್ನ ಪಾಡಿಗೆ ಅಲ್ಲ. ಯೂಟ್ಯೂಬ್‌ನಲ್ಲಿ ಎಂಟು ನಿಮಿಷ ದಾಟಿದ ವಿಡಿಯೊಗೆ ಮಾತ್ರ ನಡುವೆ ಜಾಹೀರಾತು ಹಾಕಿಕೊಳ್ಳಬಹುದು. 2020ಕ್ಕೆ ಮುಂಚೆ ಅದು ಹತ್ತು ನಿಮಿಷ ಇತ್ತು. ಒಂದು ಎಲೆ ತುಂಬುವ ಹೊಲಿಗೆ ತೋರಿಸಲು ನನಗೆ ನಾಲ್ಕು ನಿಮಿಷ ಸಾಕು. ಉಳಿದದ್ದು ಮಾತು. ಆ ಮಾತು ಸುಳ್ಳಲ್ಲ. ಆದರೆ ಯಾವುದನ್ನು ಹೇಳಬೇಕು, ಯಾವುದನ್ನು ನುಂಗಬೇಕು ಅಂತ ಹಿಂದಿನ ದಿನವೇ ಚೀಟಿ ಬರೆದುಕೊಂಡಿರುತ್ತೇನೆ.

ಈಗ ಮದುವೆ ಮುಚ್ಚಿಟ್ಟ ವಿಷಯ. ನಾನು ಕಿಟಕಿ ಪಕ್ಕ ಕೂತು ಹೊಲಿಯುತ್ತಿದ್ದೆ, ಬೆಳಕು ಚೆನ್ನಾಗಿತ್ತು. ಕಿಟಕಿಯಲ್ಲಿ ಎದುರಿನ ನೀರಿನ ಟ್ಯಾಂಕ್ ಕಾಣುತ್ತಿತ್ತು, ಅಷ್ಟೇ. ಒಬ್ಬರು ಆ ಟ್ಯಾಂಕ್, ಬಿಸಿಲು ಬೀಳುವ ದಿಕ್ಕು, ಹಿಂದೆ ಕೇಳುವ ರೈಲಿನ ಸದ್ದು ಇಷ್ಟನ್ನೇ ಹಿಡಿದು ನನ್ನ ಕಟ್ಟಡ ಯಾವುದು ಅಂತ ಪತ್ತೆ ಮಾಡಿ ಮೆಸೇಜ್ ಹಾಕಿದರು. 'ಹೆದರಬೇಡಿ, ನಾನು ನಿಮ್ಮ ಅಭಿಮಾನಿ, ಕೆಳಗಡೆ ನಿಂತಿದ್ದೀನಿ' ಅಂತ. ಬಾಗಿಲು ತಟ್ಟಲಿಲ್ಲ. ಏನೂ ಕೆಟ್ಟದ್ದು ಮಾಡಲಿಲ್ಲ. ಆದರೆ ನಾನು ಅವತ್ತಿನಿಂದ ಕಿಟಕಿ ಹತ್ತಿರ ಕೂತಿಲ್ಲ. ಎಲ್ಲಿಗಾದರೂ ಹೋದರೆ ವಾಪಸ್ ಬಂದಮೇಲೆ ವಿಡಿಯೊ ಹಾಕುತ್ತೇನೆ. ಮನೆಯವರ ಹೆಸರು ಹೇಳುವುದಿಲ್ಲ. ನಾನು ಕ್ಯಾಮೆರಾ ಮುಂದೆ ಬರುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ, ನನ್ನ ಮನೆಯವರು ಒಪ್ಪಿಕೊಂಡಿಲ್ಲ. ನಿಮ್ಮ ಗಡಿಯಾರದಣ್ಣನ ಹೆಂಡತಿಯೂ ಅಷ್ಟೇ ಅಲ್ವಾ?

ನೀವು ಬೆರಳು ನೋಡುತ್ತಾ ಕೂತೆ ಅಂದ ಸಾಲು ಓದಿ ನನಗೆ ಒಂದು ಕ್ಷಣ ಭಯವಾಯಿತು. ನೀವು ಕೆಟ್ಟವರು ಅಂತ ಅಲ್ಲ. ಕೆಳಗೆ ನಿಂತಿದ್ದವರೂ ಕೆಟ್ಟವರಲ್ಲ. ಅವರೂ ಬಹುಶಃ ಇಂಥ ರಾತ್ರಿಯಲ್ಲೇ ಟ್ಯಾಂಕ್ ನೋಡಲು ಶುರು ಮಾಡಿದ್ದು.

ಮುರಿದಮುಳ್ಳು

ಇದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಟ್ಯಾಂಕಿನ ವಿಷಯ ತಟ್ಟಿತು. ಬೆರಳು ನೋಡೋದು ಬಿಟ್ಟೆ ಅಂತ ತಿಳಿಯಿರಿ.

ಆದರೆ ಒಂದು ಮಾತು ಕೇಳಲೇಬೇಕು. ಮದುವೆ ಅವರ ಸ್ವಂತ ವಿಷಯ, ಒಪ್ಪಿದೆ. ಹಾಗಿದ್ದರೆ ಅಪ್ಪನ ಜೊತೆ ಮಾತು ಬಿಟ್ಟದ್ದೂ ಸ್ವಂತ ವಿಷಯವೇ ಅಲ್ವಾ? ಅದನ್ನು ಯಾಕೆ ನಮಗೆ ಹೇಳಬೇಕಿತ್ತು? ಆ ವಿಡಿಯೊ ನೋಡಿ ನಾನು ಎರಡು ರಾತ್ರಿ ಅದನ್ನೇ ಯೋಚಿಸಿದ್ದೇನೆ. ಅಪ್ಪನಿಗೆ ಫೋನ್ ಮಾಡಣ್ಣಾ ಅಂತ ಉದ್ದಕ್ಕೆ ಬರೆದಿದ್ದೆ. ಹಾರ್ಟ್ ಬಂದದ್ದು ಅದಕ್ಕೇ. ಕಷ್ಟ ಹಂಚಿಕೊಳ್ಳೋಕೆ ನಾವು ಮನೆಯವರು, ಖುಷಿ ಬಂದಾಗ ಹೊರಗಿನವರು. ನನ್ನ ಹೊಟ್ಟೆಯಲ್ಲಿರುವ ಸಂಕಟ ಇದು.

ಸೂಜಿದಾರ

ನ್ಯಾಯವಾದ ಪ್ರಶ್ನೆ. ನನ್ನ ಚಾನೆಲ್‌ನಲ್ಲಿ ಅತಿ ಜಾಸ್ತಿ ಜನ ನೋಡಿದ ವಿಡಿಯೊ ಯಾವುದು ಗೊತ್ತಾ? ಕಸೂತಿದಲ್ಲ. ಒಂದು ದಿನ ಹೊಲಿಯುತ್ತಾ ಹೊಲಿಯುತ್ತಾ ಅಳು ಬಂದುಬಿಟ್ಟಿತು. ಅದನ್ನು ಎಡಿಟ್‌ನಲ್ಲಿ ತೆಗೆಯಲಿಲ್ಲ. ಆ ವಾರ ಬಂದಷ್ಟು ಕಾಮೆಂಟ್, ಬಂದಷ್ಟು ಹೊಸ ಸಬ್‌ಸ್ಕ್ರೈಬರ್‌ಗಳು ಮತ್ತೆಂದೂ ಬಂದಿಲ್ಲ. ಅದರ ಮುಂದಿನ ವಾರ ಕ್ಯಾಮೆರಾ ಮುಂದೆ ಕೂತಾಗ, ಇವತ್ತೂ ಸ್ವಲ್ಪ ಅಳು ಬಂದರೆ ಚೆನ್ನಾಗಿತ್ತು ಅಂತ ಅನಿಸಿತು. ಎದ್ದು ಹೋಗಿ ಮುಖ ತೊಳೆದು ಬಂದೆ. ಈಗ ಮನಸ್ಸು ಸರಿಯಿಲ್ಲದ ದಿನ ರೆಕಾರ್ಡ್ ಮಾಡುವುದಿಲ್ಲ.

ನಿಮ್ಮ ಅಣ್ಣ ಅಪ್ಪನ ವಿಷಯ ಲೆಕ್ಕ ಹಾಕಿ ಹೇಳಿದರೋ, ನಿಜಕ್ಕೂ ಹೇಳಿಕೊಳ್ಳಲು ಬೇರೆ ಯಾರೂ ಇಲ್ಲದೆ ಹೇಳಿದರೋ, ನನಗೆ ಗೊತ್ತಾಗುವುದಿಲ್ಲ. ಎರಡೂ ಒಟ್ಟಿಗೇ ಇರುತ್ತೆ, ನನ್ನ ವಿಷಯದಲ್ಲಂತೂ ಇತ್ತು. ಆದರೆ 'ಫ್ಯಾಮಿಲಿ' ಅಂತ ಕರೆದು ಕರೆದು ನಿಮ್ಮನ್ನು ಹತ್ತಿರ ಮಾಡಿಕೊಂಡವರು ನಾವೇ. ಆಮೇಲೆ ನೀವು ಮನೆಯವರ ಹಾಗೆ ಕೋಪಿಸಿಕೊಂಡರೆ 'ಏನಿವರು' ಅನ್ನೋದು ತಪ್ಪು. ಆ ಮಾತನ್ನು ನಾನು ಈಗ ಬಳಸುವುದಿಲ್ಲ. ದುಡ್ಡು ಕೊಟ್ಟು ಮೆಂಬರ್ ಆಗುವ ವ್ಯವಸ್ಥೆಯನ್ನೂ ಮುಚ್ಚಿದೆ. ತಿಂಗಳು ತಿಂಗಳು ದುಡ್ಡು ಕೊಡುವವರು 'ನನ್ನ ಹೆಸರು ಯಾಕೆ ಹೇಳಲಿಲ್ಲ' ಅಂತ ಕೇಳಿದರೆ ಉತ್ತರ ಇರುತ್ತಿರಲಿಲ್ಲ ನನ್ನ ಹತ್ತಿರ.

ಹಾರ್ಟ್ ಬಗ್ಗೆ ಹೇಳಲಾ, ಬೇಡವಾ?

ಮುರಿದಮುಳ್ಳು

ಹೇಳಿ.

ಸೂಜಿದಾರ

ನಾನೇ ಒತ್ತುತ್ತೇನೆ. ಉದ್ದ ಇರುವ ಕಾಮೆಂಟಾದರೆ ಮೊದಲ ಎರಡು ಸಾಲು ಓದಿ ಒತ್ತುತ್ತೇನೆ.

ನಿದ್ದೆಗಣ್ಣು

ಎಲ್ಲರೂ ಗಡಿಯಾರದಣ್ಣನ ಹಿಂದೆ ಬಿದ್ದಿದ್ದೀರಿ. ನಾನು ಆ ಮೂರು ಗಂಟೆಯ ಬಗ್ಗೆ ಕೇಳುತ್ತೇನೆ. ಅವರ ವಿಡಿಯೊ ಅರ್ಧ ಗಂಟೆ. ಅದೂ ದಿನಾ ಬರುವುದಿಲ್ಲ. ಉಳಿದ ಎರಡೂವರೆ ಗಂಟೆ ಯಾರ ಪಾಲು? ಒಂದು ಸಲ ಹಿಸ್ಟರಿ ತೆಗೆದು ನೋಡಿ, ಬರೆಯಿರಿ.

ಮುರಿದಮುಳ್ಳು

ನೋಡಿದೆ. ನಿನ್ನೆ ರಾತ್ರಿಯದು ಹೇಳುತ್ತೇನೆ. ಗಡಿಯಾರದಣ್ಣನ ಹಳೇ ವಿಡಿಯೊ ಒಂದು. ಆಮೇಲೆ ಯಾರೋ ತುಕ್ಕು ಹಿಡಿದ ಕೊಡಲಿ ಉಜ್ಜಿದ್ದು. ಆಮೇಲೆ ಕಾರ್ಪೆಟ್ ತೊಳೆಯೋದು. ಆಮೇಲೆ ಇಬ್ಬರು ಯೂಟ್ಯೂಬರ್‌ಗಳ ಜಗಳ, ಇಬ್ಬರೂ ಯಾರು ಅಂತ ನನಗೆ ಗೊತ್ತಿಲ್ಲ. ಆ ಜಗಳದ ಬಗ್ಗೆ ಮೂರನೆಯವರು ಮಾಡಿದ ವಿಡಿಯೊ. ಆಮೇಲೆ ಶಾರ್ಟ್ಸ್, ಎಣಿಸೋಕೆ ಹೋಗಲಿಲ್ಲ. ಒಂದೂ ನೆನಪಿಲ್ಲ. ಕೊಡಲಿ ಮಾತ್ರ ಚೆನ್ನಾಗಿ ಬಂದಿತ್ತು.

ನಿದ್ದೆಗಣ್ಣು

ನೋಡಿ, ಇಷ್ಟೇ ವಿಷಯ. ಮುನಿಸು ಅವರ ಮೇಲೆ, ನಿದ್ದೆ ತಿಂದದ್ದು ಬೇರೆ ಯಾರೋ.

ನಾನು ಆ್ಯಪ್‌ಗಳ ವಿನ್ಯಾಸ ಮಾಡುವ ಕೆಲಸದಲ್ಲಿದ್ದೆ, ಅದಕ್ಕೇ ಈ ಹೆಸರು. ಮೊದಲೆಲ್ಲ ಪುಟ ಮುಗಿಯುತ್ತಿತ್ತು. ಕೆಳಗೆ 'ಮುಂದಿನ ಪುಟ' ಅಂತ ಇರುತ್ತಿತ್ತು. ಅದನ್ನು ಒತ್ತುವ ಮುಂಚೆ ಅರ್ಧ ಕ್ಷಣ, ಸಾಕಾ, ಇನ್ನೂ ಬೇಕಾ ಅನಿಸುತ್ತಿತ್ತು. 2006ರಲ್ಲಿ ಅಜಾ ರಾಸ್ಕಿನ್ ಅನ್ನುವ ವಿನ್ಯಾಸಕಾರರು ಮುಗಿಯದೇ ಇರುವ ಪುಟ ಮಾಡಿದರು, ಬೆರಳು ತಳ್ಳಿದಷ್ಟೂ ಬರುವಂಥದ್ದು. ಹುಡುಕುವವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು. ಆಮೇಲೆ ಅದರಿಂದ ಜನ ಕಳೆದುಕೊಂಡ ಹೊತ್ತು ನೋಡಿ ಅವರೇ ಬಹಿರಂಗವಾಗಿ ನೊಂದುಕೊಂಡರು. ಒಂದು ಮುಗಿದ ತಕ್ಷಣ ಇನ್ನೊಂದು ವಿಡಿಯೊ ತಾನಾಗಿ ಶುರುವಾಗುವುದೂ ಅದೇ ಜಾತಿ. ಸಾಕಾ ಅಂತ ಕೇಳುವ ಆ ಅರ್ಧ ಕ್ಷಣವನ್ನು ಕಿತ್ತುಹಾಕಿದ್ದಾರೆ.

ಇನ್ನೊಂದು, ಪ್ರತಿಸಲ ಒಳ್ಳೇದೇ ಸಿಕ್ಕಿದ್ದರೆ ನೀವು ಬೇಗ ಎದ್ದುಬಿಡುತ್ತಿದ್ದಿರಿ. ಫರ್ಸ್ಟರ್, ಸ್ಕಿನ್ನರ್ ಅವರು ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ 1957ರಲ್ಲಿ ದೊಡ್ಡ ಪುಸ್ತಕ ಬರೆದಿದ್ದಾರೆ. ಯಾವಾಗ ಕಾಳು ಬೀಳುತ್ತೆ ಅಂತ ಗೊತ್ತಿಲ್ಲದಿದ್ದರೆ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತೆ. ನಿಮ್ಮ ಕೊಡಲಿ ಆ ಕಾಳು. ಅದು ಸಿಗುತ್ತೆ ಅಂತ ಕಾರ್ಪೆಟ್, ಜಗಳ ಎಲ್ಲ ನೋಡಿದಿರಿ.

ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಸೆಟ್ಟಿಂಗ್ಸ್‌ಗೆ ಹೋಗಿ ವಾಚ್ ಹಿಸ್ಟರಿ ಆಫ್ ಮಾಡಿ, ಹಳೆಯದನ್ನೆಲ್ಲ ಅಳಿಸಿ. 2023ರಿಂದ ಯೂಟ್ಯೂಬ್‌ನಲ್ಲಿ ಹಾಗೆ ಮಾಡಿದರೆ ಹೋಮ್ ಪುಟ ಖಾಲಿ ಬರುತ್ತೆ. ಏನನ್ನೂ ಎದುರಿಗೆ ತಂದು ಸುರಿಯುವುದಿಲ್ಲ. ಆಟೋಪ್ಲೇ ಆಫ್ ಮಾಡಿ. ಸಬ್‌ಸ್ಕ್ರಿಪ್ಶನ್ ಪುಟಕ್ಕೆ ನೇರ ಹೋಗಿ, ಬೇಕಾದವರನ್ನು ನೋಡಿ, ಎದ್ದುಬಿಡಿ. ಗಡಿಯಾರದಣ್ಣನನ್ನು ಬಿಡಬೇಕಾಗಿಲ್ಲ.

ಕಡಿಮೆ ಮಾಡಿದರೆ ಏನು ಸಿಗುತ್ತೆ ಅಂತ ಕೇಳಿದರೆ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2018ರಲ್ಲಿ 143 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ನೋಡಿದ್ದರು. ಒಂದು ಗುಂಪಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಒಂದೊಂದಕ್ಕೆ ದಿನಕ್ಕೆ ಹತ್ತು ನಿಮಿಷ ಮಾತ್ರ. ಮೂರು ವಾರ ಆದಮೇಲೆ ಆ ಗುಂಪಿನವರಿಗೆ ಒಂಟಿತನ, ಮಂಕು ಎರಡೂ ಕಡಿಮೆಯಾಗಿತ್ತು. ಗಮನಿಸಿ, ಪೂರ್ತಿ ಬಿಡಿಸಿರಲಿಲ್ಲ.

ನೇರಮಾತು

ಮೊದಲು ಒರಟಾಗಿ ಬರೆದೆ, ಕಾರಣ ಇದೆ. ನನ್ನ ತಮ್ಮ ಒಬ್ಬ ಗೇಮಿಂಗ್ ಸ್ಟ್ರೀಮರ್‌ನ ಲೈವ್ ನೋಡ್ತಾನೆ. ದುಡ್ಡು ಹಾಕಿದರೆ ಕಾಮೆಂಟ್ ಬಣ್ಣ ಬಣ್ಣವಾಗಿ ಮೇಲೆ ನಿಲ್ಲುತ್ತೆ, ಅವನು ಹೆಸರು ಓದ್ತಾನೆ. ಹೆಸರು ಓದಿದ ದಿನ ನಮ್ಮ ತಮ್ಮ ಮನೆ ತುಂಬ ಓಡಾಡಿದ. ಮೂರು ಸೆಕೆಂಡ್ ಕೂಡ ಇರಲಿಲ್ಲ ಅದು. ಸಂಬಳ ಬಂದ ವಾರ ಜಾಸ್ತಿ ಹಾಕ್ತಾನೆ, ಆಮೇಲೆ ನನ್ನ ಹತ್ತಿರ ಸಾಲ ಕೇಳ್ತಾನೆ. ಇದು ಮೇಷ್ಟ್ರು ಹೇಳಿದ ಕಾಯಿಲೆ ಕಡೆಯದ್ದಾ?

ಹಳೇರೇಡಿಯೊ

ಕಾಯಿಲೆ ಅಂತ ನಾನು ದೂರದಿಂದ ಹೇಳಬಾರದು. ಆದರೆ ಸಾಲದ ತನಕ ಬಂದಿದ್ದರೆ ಬರೀ ಅಭಿಮಾನ ಅಂತ ಸುಮ್ಮನಿರುವುದೂ ಬೇಡ. ತಮ್ಮನನ್ನು ಬೈಯಬೇಡಿ, ಆ ಸ್ಟ್ರೀಮರ್‌ನನ್ನೂ ಅವನೆದುರು ಬೈಯಬೇಡಿ, ಅವನ ಪರ ವಕಾಲತ್ತಿಗೆ ನಿಂತುಬಿಡುತ್ತಾನೆ. ಒಂದು ದಿನ ಪಕ್ಕದಲ್ಲಿ ಕೂತು ಲೈವ್ ನೋಡಿ. ಯಾವ ಆಟ, ಯಾಕೆ ಇಷ್ಟ ಅಂತ ಕೇಳಿ. ಅವನು ಹೆಸರು ಕೇಳಿಸಿಕೊಳ್ಳಲು ದುಡ್ಡು ಕೊಡುತ್ತಿದ್ದಾನೆ ಅಂದರೆ, ಬೇರೆ ಕಡೆ ಅವನ ಹೆಸರು ಯಾರು ಎಷ್ಟು ಕರೆಯುತ್ತಾರೆ ಅಂತ ಸ್ವಲ್ಪ ನೋಡಿ. ಸಾಲ ಮಾತ್ರ ಕೊಡಬೇಡಿ. ಅದು ಕೈಮೀರಿದೆ ಅನಿಸಿದರೆ ಒಬ್ಬ ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿ.

ಮುರಿದಮುಳ್ಳು

ನಿದ್ದೆಗಣ್ಣು ಅವರು ಹೇಳಿದ ಹಾಗೆ ಹಿಸ್ಟರಿ ಆಫ್ ಮಾಡಿದೆ. ಹೋಮ್ ಪುಟ ಬಿಳಿ ಗೋಡೆ ಆಯ್ತು. ಮೊದಲ ರಾತ್ರಿ ಆ ಬಿಳಿ ಗೋಡೆಯನ್ನೇ ಬೆರಳಿನಿಂದ ತಳ್ಳುತ್ತಿದ್ದೆ. ಈಗ ಪರವಾಗಿಲ್ಲ. ಸ್ಕ್ರೀನ್ ಟೈಮ್ ಅರ್ಧಕ್ಕೂ ಕೆಳಗೆ ಇಳಿದಿದೆ. ಉಳಿದ ಹೊತ್ತಿನಲ್ಲಿ ಏನು ಮಾಡುತ್ತೇನೆ ಅಂತ ಕೇಳಬೇಡಿ, ನಿದ್ದೆ ಮಾಡುತ್ತೇನೆ.

ಗಡಿಯಾರದಣ್ಣನ ಬಾಕಿ ಉಳಿದಿದ್ದ ವಿಡಿಯೊ ನೋಡಿದೆ. ಒಂದರಲ್ಲಿ ಹಿಂದಿನಿಂದ ಯಾರೋ 'ದೀಪ ಸ್ವಲ್ಪ ಎಡಕ್ಕೆ ಸರಿಸಲಾ' ಅಂತ ಕೇಳುವ ದನಿ ಬರುತ್ತೆ. ಇವರು 'ಹ್ಞಾಂ' ಅಂದು ಕೆಲಸ ಮುಂದುವರಿಸುತ್ತಾರೆ. ನಿಜ ಹೇಳಬೇಕೆಂದರೆ ಬೆಳಕು ಮುಂಚೆಗಿಂತ ಚೆನ್ನಾಗಿದೆ. ಚಕ್ರದ ಹಲ್ಲು ಒಂದೊಂದೂ ಕಾಣುತ್ತೆ. ಮುನಿಸು ಪೂರ್ತಿ ಹೋಗಿಲ್ಲ, ಶುಭಾಶಯ ಇನ್ನೂ ಬರೆದಿಲ್ಲ. ಬರೆದರೆ ಎರಡೇ ಸಾಲು ಬರೆಯುತ್ತೇನೆ, ಪೂರ್ತಿ ಓದಲಿ.

ಈ ಚರ್ಚೆಯನ್ನು ಅಕ್ಕನಿಗೆ ಕಳಿಸಿದ್ದೆ. ಕೂತು ಒಂದೇ ಉಸಿರಿಗೆ ಓದಿದಳು. ಓದಿ ಮುಗಿಸಿ, ಆ ಕಸೂತಿಯವರು ಎಷ್ಟು ಚೆನ್ನಾಗಿ ಮಾತಾಡ್ತಾರೆ, ಅವರ ಚಾನೆಲ್ ಯಾವುದು ಕೇಳು ಅಂತ ಒಂದೇ ಸಮನೆ ಪೀಡಿಸುತ್ತಿದ್ದಾಳೆ. ಅಳುವ ವಿಡಿಯೊ ನೋಡಬೇಕಂತೆ.

ಸೂಜಿದಾರ

ಹೇಳಲ್ಲ.